ಬ್ಯಾಂಕಾಕ್ ದಿನಚರಿ: ಐದು ಸುತ್ತುಗಳ ಆಟ

15 ಜನವರಿ 2019, ಮಂಗಳವಾರ

ಇಡೀ ದಿನ ಬಿಸಿಲು ಕಾಣಲಿಲ್ಲ. ಊರಿನ ಮೇಲೆ ಹೊಗೆ, ದೂಳು ಕವಿದುಕೊಂಡಿದೆ. ವಿಮಾನದಿಂದ ಮೋಡ ಬಿತ್ತನೆ ಮಾಡಿ ಮಳೆ ತರಿಸಲು ನೋಡುತ್ತಿದ್ದಾರಂತೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹಾಲು ತರಲು ಹೋಗಿದ್ದು ಬಿಟ್ಟರೆ ಮನೆಯಲ್ಲೇ ಇದ್ದೆ. ಸಂಕ್ರಾಂತಿ ಅಂತ ಮೈಸೂರಿನಿಂದ ತಂದಿದ್ದ ಎಳ್ಳುಬೆಲ್ಲವನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಎರಡೂ ಕೈ ಜೋಡಿಸಿ ತಲೆಬಾಗಿ ತೆಗೆದುಕೊಂಡರು. ಕೊಬ್ಬರಿ ಚೂರುಗಳನ್ನೇ ಮೊದಲು ಆರಿಸಿ ತಿಂದರು.

ತಂಗಿಯ ಮಗ ಆಫೀಸಿನಿಂದ ಬಂದವನೇ “ದೊಡ್ಡಮ್ಮ, ನಾಳೆ ರಾತ್ರಿಗೆ ಟಿಕೆಟ್ ಆಯ್ತು” ಅಂದ. ರಾಜದಮ್ನೆನ್ ಕ್ರೀಡಾಂಗಣದಲ್ಲಿ ಮುಯ್ ಥಾಯ್ ಕಾಳಗ ನೋಡದೆ ವಾಪಸು ಹೋಗುವುದಿಲ್ಲ ಎಂದು ಹಟ ಹಿಡಿದವಳು ನಾನೇ. ತಂಗಿ ಫೋನಿನಲ್ಲಿ, “ರಕ್ತ ನೋಡೋದಕ್ಕೆ ಅಲ್ಲೀತನಕ ಹೋಗ್ಬೇಕಿತ್ತಾ ಅಕ್ಕ?” ಎಂದು ಕೇಳಿದಳು. ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವ ಊರಿನಲ್ಲಿ ಬೆಳೆದವರು ನಾವಿಬ್ಬರೂ. ತಲೆಯಲ್ಲಿ ಮೊದಲ ಹನಿ ರಕ್ತ ಕಾಣಿಸಿದ ಕೂಡಲೇ ಆ ಕಾಳಗ ಮುಗಿಯುತ್ತದೆ. ಅದಕ್ಕೊಂದು ಪೂಜೆ, ಒಂದು ಕಟ್ಟಳೆ, ವಂಶಪಾರಂಪರ್ಯವಾಗಿ ಬಂದ ಅಭ್ಯಾಸ ಇದೆ. ಇಲ್ಲೂ ಪೂಜೆಯಿದೆ, ಕಟ್ಟಳೆಯಿದೆ. ಆದರೆ ಇಲ್ಲಿ ಇದು ವಾರಕ್ಕೆ ಹಲವು ರಾತ್ರಿ ದೀಪ ಹೊತ್ತಿಸಿ, ಟಿಕೆಟ್ ಮಾರಿ, ಆಡುವವರಿಗೆ ಹಣ ಕೊಟ್ಟು ನಡೆಸುವ ಕಸುಬು. ಶಾಲೆಯಲ್ಲಿ ಇಷ್ಟು ವರ್ಷ ಹುಡುಗರ ಜಗಳ ಬಿಡಿಸಿದವಳಿಗೆ, ಜಗಳವನ್ನೇ ವಿದ್ಯೆಯಾಗಿ ಕಲಿಸುವ ಜನರನ್ನು ನೋಡುವ ಆಸೆ.

ಯಾವ ಜಾಗ ಅನ್ನುವುದರ ಮೇಲೆ ಸ್ವಲ್ಪ ಚರ್ಚೆಯಾಯಿತು. ರಿಂಗಿನ ಪಕ್ಕದ ಕುರ್ಚಿಗಳು ದುಬಾರಿ, ಅಲ್ಲಿ ಕೂರುವವರೆಲ್ಲ ಹೊರದೇಶದವರೇ. ಮೇಲಿನ ಮೆಟ್ಟಿಲುಗಳಲ್ಲಿ ಬಾಜಿ ಕಟ್ಟುವವರು. ಮೆಟ್ಟಿಲೇ ಇರಲಿ ಅಂದೆ.

16 ಜನವರಿ, ಬುಧವಾರ (ಮಧ್ಯರಾತ್ರಿ ಕಳೆದಿದೆ)

ನಿದ್ದೆ ಬರುವುದಿಲ್ಲ, ಬರೆದುಬಿಡುತ್ತೇನೆ.

ಇವತ್ತು ಈ ದೇಶದಲ್ಲಿ ಶಿಕ್ಷಕರ ದಿನ, ಶಾಲೆಗಳಿಗೆ ರಜೆ. ಇದನ್ನು ಬೆಳಿಗ್ಗೆ ತಿಳಿದಾಗ ಮನಸ್ಸಿಗೆ ಹಿತವಾಗಿತ್ತು. ಸಂಜೆ ಕಂಡದ್ದೂ ಗುರುಗಳಿಗೆ ಸಲ್ಲಿಸುವ ನಮಸ್ಕಾರವನ್ನೇ.

ಕ್ರೀಡಾಂಗಣ ಇರುವುದು ರಾಜದಮ್ನೆನ್ ನೋಕ್ ಎಂಬ ಅಗಲವಾದ ರಾಜಬೀದಿಯಲ್ಲಿ. ಬೀದಿಯುದ್ದಕ್ಕೂ ದೊರೆಯ ಚಿತ್ರಗಳು. ಪಟ್ಟಾಭಿಷೇಕ ಮೇ ತಿಂಗಳಲ್ಲಿ ಎಂದು ಹೊಸವರ್ಷದ ದಿನ ಘೋಷಣೆಯಾಗಿದೆ. ಕಟ್ಟಡದ ಕೆಲಸ ಶುರುವಾದದ್ದು 1941ರಲ್ಲಿ. ಮಹಾಯುದ್ಧ ಬಂದು ನಿಂತುಹೋಯಿತು. ಯುದ್ಧ ಮುಗಿದ ವರ್ಷವೇ, 1945ರ ಡಿಸೆಂಬರ್ 23ರಂದು ಬಾಗಿಲು ತೆರೆಯಿತು. ಮೊದಲ ಕೆಲವು ವರ್ಷ ಬಯಲಿನಲ್ಲೇ ಕಾದಾಟ, ಚಾವಣಿ ಬಂದದ್ದು 1951ರಲ್ಲಿ. ಊರಿನ ಇನ್ನೊಂದು ದೊಡ್ಡ ಕ್ರೀಡಾಂಗಣವಾದ ಲುಂಪಿನಿ 1956ರದ್ದು. ಅದು ಸೈನ್ಯದ ಉಸ್ತುವಾರಿಯಲ್ಲಿದೆ; 2014ರಲ್ಲಿ ಹಳೆಯ ಜಾಗ ಬಿಟ್ಟು ಊರಾಚೆಗೆ ಹೋಯಿತು. ಹಾಗಾಗಿ ಹಳೆಯ ನೆಲದಲ್ಲೇ ನಿಂತಿರುವುದು ಇದೊಂದೇ.

ಹೊರಗಡೆ ಕೆಂಡದ ಮೇಲೆ ಕೋಳಿ ಸುಡುವ ಹೊಗೆ. ಒಳಗೆ ಕಾಲಿಟ್ಟರೆ ಬೇರೆಯದೇ ವಾಸನೆ. ಆಟಗಾರರ ಮೈಗೆ ಉಜ್ಜುವ ಹಳದಿ ಎಣ್ಣೆಯದು ಅದು, ಮೂಗಿನಿಂದ ನೆತ್ತಿಗೇರುವ ಪುದೀನಸಾರದ ಘಾಟು. ಇಡೀ ಕಟ್ಟಡದ ಗೋಡೆಗಳೇ ಅದನ್ನು ಕುಡಿದಿವೆ. ಮೊದಲು ರಾಜಗೀತೆ, ಎಲ್ಲರೂ ಎದ್ದು ನಿಂತರು. ತಂತಿಬಲೆಯ ಆಚೆ ಇರುವ ಮೂರನೇ ದರ್ಜೆಯವರೂ ಆ ಒಂದು ನಿಮಿಷ ಮೌನ.

ಆಮೇಲೆ ವಾದ್ಯ. ಮೂಲೆಯಲ್ಲಿ ನಾಲ್ವರು ಕೂತಿದ್ದರು. ಒಬ್ಬರ ಕೈಯಲ್ಲಿ ಓಲಗದ ಜಾತಿಯ ಊದುವ ವಾದ್ಯ, ಇಬ್ಬರಿಗೆ ಉದ್ದನೆಯ ಡೋಲು, ಇನ್ನೊಬ್ಬರಿಗೆ ಪುಟ್ಟ ತಾಳ. ಅದು ಧ್ವನಿಮುದ್ರಿಕೆ ಇರಬಹುದು ಎಂದುಕೊಂಡು ಬಂದವರೆಲ್ಲ ಒಮ್ಮೆ ಆ ಮೂಲೆಯತ್ತ ತಿರುಗಿ ನೋಡುತ್ತಾರೆ. ಇಡೀ ರಾತ್ರಿ ಅವರು ಎದುರಿನ ಆಟ ನೋಡುತ್ತಲೇ ನುಡಿಸಿದರು. ಕಾದಾಟ ಬಿಸಿಯೇರಿದಂತೆ ಲಯವೂ ಏರುತ್ತದೆ, ಆಟಗಾರರು ದೂರ ಸರಿದರೆ ಡೋಲೂ ಸಡಿಲಾಗುತ್ತದೆ.

ಹುಡುಗರು ರಿಂಗಿನ ಮೇಲಿನ ಹಗ್ಗವನ್ನು ದಾಟಿ ಒಳಗೆ ಬರುತ್ತಾರೆ, ಹಗ್ಗದ ಕೆಳಗೆ ನುಸುಳುವುದಿಲ್ಲ. ತಲೆಯ ಮೇಲೆ ಮೊಂಗ್‌ಕೊನ್ ಎಂಬ ಹೆಣೆದ ಬಳೆಯಂಥ ಮುಡಿಕಟ್ಟು ಇರುತ್ತದೆ, ಅದರ ಮೇಲೆ ಏನೂ ಹಾಯಬಾರದು. ಅದು ಆಟಗಾರನ ಸೊತ್ತಲ್ಲ, ಗುರುವಿನದು. ತೊಡಿಸುವವರೂ ತೆಗೆಯುವವರೂ ಗುರುಗಳೇ. ತೋಳಿಗೆ ಪ್ರಾಚಿಯಟ್ ಎಂಬ ರಕ್ಷೆಯ ಪಟ್ಟಿ, ಕೊರಳಿಗೆ ಹೂಮಾಲೆ. ಹಗ್ಗದ ಉದ್ದಕ್ಕೂ ಕೈಯಾಡಿಸುತ್ತ ನಾಲ್ಕೂ ಮೂಲೆ ಮುಟ್ಟಿ, ನಡುವೆ ಮೊಣಕಾಲೂರಿ, ಮೂರು ಸಲ ನೆಲಕ್ಕೆ ತಲೆ ತಾಗಿಸಿ, ಆಮೇಲೆ ನಿಧಾನವಾದ ಒಂದು ನೃತ್ಯ. ಇದಕ್ಕೆ ವಾಯ್ ಖ್ರು ರಾಮ್ ಮುಯ್ ಎನ್ನುತ್ತಾರೆ. ಪ್ರತಿ ಗರಡಿಗೂ ತನ್ನದೇ ಬಗೆ. ಕೆಂಪು ಮೂಲೆಯ ಹುಡುಗ ಒಂದು ಕಾಲು ಮಡಿಸಿ ಕೂತು, ಬಿಲ್ಲಿಗೆ ಬಾಣ ಹೂಡಿ, ಎದುರಾಳಿಯ ಕಡೆ ಗುರಿಯಿಟ್ಟು ಬಿಟ್ಟ. ಅದು ರಾಮಬಾಣವಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಂಗಿಯ ಮಗನಿಗೆ ಥಾಯ್‌ನಲ್ಲಿ ಹೇಳಿ, ನನ್ನ ಕಡೆ ತಿರುಗಿ “ಫ್ರಾ ರಾಮ್, ಫ್ರಾ ರಾಮ್” ಎಂದರು. ನಾನು ಕೈಮುಗಿದೆ. ಅವರೂ ಮುಗಿದರು.

ನಿಯಮ ಸರಳ. ಮೂರು ನಿಮಿಷದ ಐದು ಸುತ್ತು, ನಡುವೆ ಎರಡೆರಡು ನಿಮಿಷ ವಿರಾಮ. ಮುಷ್ಟಿ, ಮೊಣಕೈ, ಮೊಣಕಾಲು, ಕಾಲಿನ ಮುಂದೆಲುಬು ಇವಿಷ್ಟರಿಂದ ಹೊಡೆಯಬಹುದು. ಎರಡೆರಡರಂತೆ ಎಂಟು, ಅದಕ್ಕೇ ಎಂಟು ಅಂಗಗಳ ಕಲೆ ಎಂಬ ಹೆಸರು. ಆದರೆ ಗೆಲುವನ್ನು ಹೇಗೆ ಎಣಿಸುತ್ತಾರೆ ಎನ್ನುವುದು ಕಣ್ಣಿಗೆ ಹೊಳೆಯಲು ಎರಡು ಪಂದ್ಯ ಬೇಕು. ಮುಖಕ್ಕೆ ಬಿದ್ದ ಗುದ್ದಿಗೆ ಅಷ್ಟೇನೂ ಬೆಲೆಯಿಲ್ಲ. ಪಕ್ಕೆಗೆ ಬೀಳುವ ಒದೆ, ಅಪ್ಪಿ ಹಿಡಿದು ಹೊಟ್ಟೆಗೆ ಕೊಡುವ ಮೊಣಕಾಲು ಇವಕ್ಕೆ ಹೆಚ್ಚಿನ ಬೆಲೆ. ಏಟು ಕೊಟ್ಟವನು ಕೊಟ್ಟ ಮೇಲೆ ಹೇಗೆ ನಿಂತಿದ್ದಾನೆ, ತಿಂದವನ ನಿಲುವು ಅಲುಗಿತೇ, ಕಾಲು ತಪ್ಪಿತೇ, ಬೆನ್ನು ಬಾಗಿತೇ ಎಂದು ತೀರ್ಪುಗಾರರು ನೋಡುತ್ತಾರೆ. ಒದೆಯುವಾಗ ಕಾಲು ಹಿಡಿದು ನೆಲಕ್ಕೆ ಕೆಡವಿದರೆ ಇಡೀ ಕ್ರೀಡಾಂಗಣ ಬೊಬ್ಬೆ ಹಾಕುತ್ತದೆ. ಅಂದರೆ ಇಲ್ಲಿ ತೂಗಿ ನೋಡುವುದು ಸಮತೋಲವನ್ನು. ಕಾದಾಟವನ್ನು ಹೀಗೆ ಅಳೆಯುವ ಜನರ ಬಗ್ಗೆ ನನಗೆ ಗೌರವ ಹುಟ್ಟಿತು.

ಮೊದಲೆರಡು ಸುತ್ತು ಬಹಳ ಮೆದು. ರಿಂಗಿನ ಪಕ್ಕದ ಪ್ರವಾಸಿಗರಿಗೆ ಬೇಜಾರು, ಫೋನು ನೋಡತೊಡಗಿದರು. ನಮ್ಮ ಮೆಟ್ಟಿಲಿನವರು ಮಾತ್ರ ಕಣ್ಣು ಕೀಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅಳೆಯುವ ಹೊತ್ತು ಅದು. ಮೂರನೇ ಸುತ್ತಿನ ಗಂಟೆ ಬಾರಿಸಿದ್ದೇ ತಡ, ನನ್ನ ಸುತ್ತ ನೂರಾರು ಕೈಗಳು ಮೇಲೆದ್ದವು. ಬೆರಳುಗಳನ್ನು ಮಡಿಸುತ್ತ, ಬಿಡಿಸುತ್ತ, ಕೈಯನ್ನು ಮೇಲೆ ಕೆಳಗೆ ಮಾಡುತ್ತ ಬಾಜಿಯ ಲೆಕ್ಕ. ಈ ದೇಶದಲ್ಲಿ ಜೂಜು ಬಹುಮಟ್ಟಿಗೆ ಕಾನೂನುಬಾಹಿರ, ಆದರೆ ಈ ಗೋಡೆಗಳ ಒಳಗೆ ಬಿಟ್ಟಿದ್ದಾರೆ. ಚೀಟಿಯಿಲ್ಲ, ಸಹಿಯಿಲ್ಲ, ಇಪ್ಪತ್ತು ಅಡಿ ದೂರದಲ್ಲಿರುವವನ ಕಣ್ಣು ನೋಡಿ ತಲೆಯಾಡಿಸಿದರೆ ಬಾಜಿ ನಿಂತಿತು. ಪ್ರತಿ ಒದೆಗೂ ಎಲ್ಲರೂ ಒಂದೇ ಗಂಟಲಲ್ಲಿ “ಓಯ್!” ಅನ್ನುತ್ತಾರೆ. ಮೊಣಕಾಲು ಮೇಲಿಂದ ಮೇಲೆ ಬಿದ್ದರೆ ಆ ಕೂಗು ಡೋಲಿನ ಲಯಕ್ಕೇ ಸೇರಿಕೊಳ್ಳುತ್ತದೆ.

ರಾತ್ರಿಯ ದೊಡ್ಡ ಪಂದ್ಯ ಇಬ್ಬರು ಸಣಕಲು ಹುಡುಗರದು. ತೂಕ ಐವತ್ತೈದು ಕಿಲೋ ಆಸುಪಾಸು. ನೀಲಿ ಮೂಲೆಯವನು ಎಡಗೈ ಆಟಗಾರ, ಎಡಗಾಲಿನ ಒದೆ ಚಾಟಿಯಂತೆ ಬರುತ್ತಿತ್ತು. ಕೆಂಪು ಮೂಲೆಯವನು ಆ ಒದೆಗಳನ್ನು ತೋಳಿನ ಮೇಲೆ ತಗೊಂಡು, ತಗೊಂಡು, ನಾಲ್ಕನೇ ಸುತ್ತಿನಲ್ಲಿ ಒಳಗೆ ನುಗ್ಗಿ ಕತ್ತು ಹಿಡಿದ. ಅಲ್ಲಿಂದ ಎರಡು ನಿಮಿಷ ಬರೀ ಮೊಣಕಾಲು. ಒಮ್ಮೆ ನೀಲಿಯವನು ಹೊರಳಿ ಬಿಡಿಸಿಕೊಂಡು ಮೊಣಕೈ ಬೀಸಿದ. ಕೆಂಪಿನವನ ಹುಬ್ಬಿನ ಮೇಲೆ ಗೀರಿದಂತೆ ರಕ್ತ. ಡಾಕ್ಟರು ಹತ್ತಿ ನೋಡಿ ಇಳಿದರು. ಗಂಟೆಯಾದಾಗ ದೊಡ್ಡ ತಗಡಿನ ತಟ್ಟೆಯ ಮೇಲೆ ಕುರ್ಚಿಯಿಟ್ಟು ಕೂರಿಸಿ, ಐಸ್ ನೀರು ಸುರಿದು, ಇಬ್ಬರು ಕಾಲು ತಿಕ್ಕಿ, ಗುರುಗಳು ಕಿವಿಯಲ್ಲಿ ಏನೋ ಹೇಳಿದರು. ಐದನೇ ಸುತ್ತಿನಲ್ಲಿ ಕೆಂಪಿನವನು ಮುಂದೆ ಹೋಗಲೇ ಇಲ್ಲ. ಹಿಂದೆ ಹಿಂದೆ ಸರಿಯುತ್ತ, ಪಾದದಿಂದ ಎದುರಾಳಿಯನ್ನು ದೂರ ತಳ್ಳುತ್ತ ಹೊತ್ತು ಕಳೆದ. ಹೊರಗಿನವರಿಗೆ ಅದು ಹೇಡಿತನ. ಮುಂದಿರುವವನು ತನ್ನ ಗೆಲುವನ್ನು ಕಾಪಾಡಿಕೊಳ್ಳುವ ವಿದ್ಯೆ ಅದು ಎಂದು ಮೆಟ್ಟಿಲಿನವರಿಗೆ ಗೊತ್ತು. ಅವರು ಆಗಲೇ ನೋಟು ಎಣಿಸುತ್ತಿದ್ದರು.

ಗೆದ್ದವನು ಮಾಡಿದ ಮೊದಲ ಕೆಲಸ ಎದುರಾಳಿಯ ಮೂಲೆಗೆ ಹೋಗಿ ಆ ಗುರುಗಳಿಗೆ ಕೈಮುಗಿದದ್ದು. ಅವರು ನೀರು ಕುಡಿಸಿ ತಲೆ ಸವರಿದರು. ಸೋತವನೂ ಈ ಕಡೆ ಬಂದು ಹಾಗೇ ಮಾಡಿದ. ಈ ಸೌಜನ್ಯವನ್ನು ಯಾರೂ ಕ್ಯಾಮೆರಾಕ್ಕಾಗಿ ಮಾಡಲಿಲ್ಲ, ಕ್ಯಾಮೆರಾದವರಾಗಲೇ ಬಾಗಿಲ ಕಡೆ ಹೊರಟಿದ್ದರು.

ಒಂದು ಮಾತು ಚುಚ್ಚುತ್ತಿದೆ. ಹೆಣ್ಣುಮಕ್ಕಳು ಈ ರಿಂಗನ್ನು ಹತ್ತುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಲುಂಪಿನಿಯಲ್ಲೂ ಇದೇ ಕಟ್ಟಳೆ. ಬೇರೆ ಕಡೆಗಳಲ್ಲಿ ಥಾಯ್ ಹೆಣ್ಣುಮಕ್ಕಳು ಚೆನ್ನಾಗಿಯೇ ಕಾದಾಡುತ್ತಾರೆ. ಈ ಕಟ್ಟಳೆ ಹೋಗಬೇಕು, ಹೋಗುತ್ತದೆ ಎಂದು ನಂಬುತ್ತೇನೆ.

17 ಜನವರಿ, ಗುರುವಾರ

ಅರಮನೆಯ ಆವರಣದಲ್ಲಿರುವ ವಾಟ್ ಫ್ರಾ ಕ್ಯಾವ್ ದೇವಸ್ಥಾನ ನೋಡಿ ಬಂದೆ. ಪಚ್ಚೆ ಬುದ್ಧನ ದರ್ಶನ ಮಾಡಿ, ಸುತ್ತಿನ ಪಡಸಾಲೆಯಲ್ಲಿ ರಾಮಕಿಯೆನ್‌ನ 178 ಭಿತ್ತಿಚಿತ್ರಗಳ ಮುಂದೆ ನಡೆದೆ. ನಮ್ಮ ರಾಮಾಯಣವೇ, ಆದರೆ ಇಲ್ಲಿ ಹನುಮಂತ ಬಿಳಿಯ ಮೈಯವನು, ರಸಿಕ.

ನಿನ್ನೆಯ ಹಿರಿಯರು ಹೇಳಿದ ಪಟ್ಟುಗಳ ಹೆಸರುಗಳು ನೆನಪಾದವು. ಎರಡೂ ಮುಷ್ಟಿಗಳನ್ನು ಒಟ್ಟಿಗೆ ಕೆಳಗಿನಿಂದ ಗದ್ದಕ್ಕೆ ಎತ್ತುವ ಹೊಡೆತ ಹನುಮಂತ ಉಂಗುರ ಒಪ್ಪಿಸುವ ಪಟ್ಟು. ಬಾಗಿ ಒಳಗೆ ನುಗ್ಗಿ ಗದ್ದಕ್ಕೆ ಕೊಡುವ ಗುದ್ದು ಸುಮೇರು ಪರ್ವತ ಎತ್ತುವುದು. ಐರಾವತದ ದಂತಕ್ಕೂ ಒಂದು ಪಟ್ಟಿದೆ. ಗಿರಕ್ಕನೆ ತಿರುಗಿ ಹಿಮ್ಮಡಿಯಿಂದ ಬಾರಿಸುವುದು ಮೊಸಳೆಯ ಬಾಲ. ಅಶೋಕವನದಲ್ಲಿ ಕೈಮುಗಿದು ಉಂಗುರ ಕೊಟ್ಟ ಗಳಿಗೆಯನ್ನು ಇವರು ಕಾದಾಟದ ಪಟ್ಟಾಗಿ ಕಂಡಿದ್ದಾರೆ! ಈ ಕಲ್ಪನೆ ನನಗೆ ಬಹಳ ಇಷ್ಟವಾಯಿತು.

ಎಲ್ಲ ಥಾಯ್ ಮಕ್ಕಳಿಗೂ ಗೊತ್ತಿರುವ ಕಥೆ ನಾಯ್ ಖನೋಮ್ ತೋಮ್‌ನದು. 1767ರಲ್ಲಿ ಬರ್ಮಾದವರು ಅಯುತ್ಥಯ ರಾಜಧಾನಿಯನ್ನು ಸುಟ್ಟಾಗ ಸೆರೆಹೋದವರಲ್ಲಿ ಅವನೂ ಒಬ್ಬ. 1774ರಲ್ಲಿ ಬರ್ಮಾ ದೊರೆಯ ಮುಂದೆ ಒಬ್ಬರಾದ ಮೇಲೊಬ್ಬರಂತೆ ಜಟ್ಟಿಗಳನ್ನು ಸೋಲಿಸಿ ಬಿಡುಗಡೆ ಗಳಿಸಿದನೆಂದು ಹೇಳುತ್ತಾರೆ. ಕಾದುವ ಮೊದಲು ಗುರುಗಳಿಗೆ ನಮಸ್ಕರಿಸಿ ಕುಣಿದದ್ದು ಕಂಡು ಬರ್ಮಾದವರು ಮಾಟ ಮಾಡುತ್ತಿದ್ದಾನೆ ಅಂದುಕೊಂಡರಂತೆ. ಮಾರ್ಚ್ 17 ಅವನ ಹೆಸರಿನ ದಿನ. ಆ ಕಾಲದಲ್ಲಿ ಕೈಗೆ ಗ್ಲೌಸ್ ಇಲ್ಲ, ಹಗ್ಗ ಸುತ್ತಿಕೊಂಡು ಹೊಡೆದಾಟ. 1920ರ ದಶಕದ ಕೊನೆಯಲ್ಲಿ ಒಬ್ಬ ಆಟಗಾರ ರಿಂಗಿನಲ್ಲಿ ಏಟು ತಿಂದು ಸತ್ತ ಮೇಲೆ ಹಗ್ಗ ಹೋಗಿ ಗ್ಲೌಸ್ ಬಂತು. ಒಂದು ಸಾವು ನಿಯಮವನ್ನು ಬದಲಿಸಿತು ಎಂಬುದನ್ನು ಇಲ್ಲಿ ಗುರುತು ಮಾಡಿಟ್ಟುಕೊಳ್ಳುತ್ತೇನೆ.

19 ಜನವರಿ, ಶನಿವಾರ

ಬೆಳಗಿನ ಜಾವ ಎದ್ದು ನದಿ ದಾಟಿ ಊರಾಚೆಯ ಒಂದು ಗರಡಿಗೆ ಹೋದೆವು. ತಂಗಿಯ ಮಗನ ಸಹೋದ್ಯೋಗಿಯೊಬ್ಬರ ಪರಿಚಯ. ತಗಡಿನ ಸೂರು, ನಡುವೆ ಹಳೆಯ ರಿಂಗು, ಸಾಲಾಗಿ ತೂಗುಹಾಕಿದ ಚರ್ಮದ ಚೀಲಗಳು, ಮೂಲೆಯಲ್ಲಿ ದೇವರ ಮಂಟಪ. ಕತ್ತಲಿರುವಾಗಲೇ ಓಡಿ ಬಂದು ಹುಡುಗರು ಹಗ್ಗದಾಟ ಆಡುತ್ತಿದ್ದರು. ಆಮೇಲೆ ಗುರುಗಳು ಕೈಗೆ ದಪ್ಪ ಪ್ಯಾಡು ಕಟ್ಟಿಕೊಂಡು ಒಬ್ಬೊಬ್ಬರನ್ನೇ ಕರೆದು ಒದೆಸಿದರು. ಪ್ರತಿ ಒದೆಗೂ ಪಟಾಕಿಯ ಸದ್ದು.

ಹುಡುಗರ ಮನೆ ಇದೇ. ಊಟ, ನಿದ್ದೆ ಇಲ್ಲೇ. ರಿಂಗಿನಲ್ಲಿ ಹೆತ್ತವರ ಮನೆತನದ ಹೆಸರಿಗೆ ಬದಲು ಗರಡಿಯ ಹೆಸರೇ ಅವರ ಹೆಸರಿನ ಜೊತೆ ಬರುತ್ತದೆ. ಗೆದ್ದ ಹಣದಲ್ಲಿ ಸಾಮಾನ್ಯವಾಗಿ ಅರ್ಧ ಗರಡಿಗೆ. ಹೆಚ್ಚಿನವರು ಈಶಾನ್ಯದ ಇಸಾನ್ ಪ್ರಾಂತದವರು, ಒಣಭೂಮಿಯ ಬತ್ತದ ರೈತರ ಮಕ್ಕಳು. ಅಲ್ಲಿಂದ ಬಂದ ಖೋನ್ ಕೆನ್‌ನ ಸೋಮ್ರಾಕ್ ಖಾಮ್‌ಸಿಂಗ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದ, ಥಾಯ್ಲೆಂಡಿಗೆ ಅದು ಮೊತ್ತಮೊದಲ ಒಲಿಂಪಿಕ್ ಚಿನ್ನ. ಗೋಡೆಯ ಮೇಲೆ ಸಮಾರ್ಟ್ ಪಯಾಕರೂನ್ ಚಿತ್ರವಿತ್ತು. ಲುಂಪಿನಿಯಲ್ಲಿ ನಾಲ್ಕು ತೂಕಗಳಲ್ಲಿ ಚಾಂಪಿಯನ್ ಆಗಿ, 1986ರಲ್ಲಿ ಬಾಕ್ಸಿಂಗ್‌ನ ವಿಶ್ವ ಕಿರೀಟವನ್ನೂ ಗೆದ್ದವನು. ಹುಡುಗರು ಆ ಚಿತ್ರದ ಕೆಳಗೆ ಹೋಗುವಾಗ ತಲೆ ತಗ್ಗಿಸುತ್ತಾರೆ.

ಗುರುಗಳು ಅಕ್ಕರೆಯ ಮನುಷ್ಯ. ಹುಡುಗನೊಬ್ಬ ಉಸಿರು ಹಿಡಿದು ಒದೆಯುತ್ತಿದ್ದರೆ ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಡುವುದನ್ನು ಹೇಳಿಕೊಟ್ಟರು. ನಾನು ಕಂಡ ಒಳ್ಳೆಯ ಮೇಷ್ಟ್ರುಗಳ ಸಾಲಿಗೆ ಅವರನ್ನು ಸೇರಿಸುತ್ತೇನೆ. ಹೊರಡುವಾಗ, “ಸಂಜೆ ದೇವಸ್ಥಾನದ ಜಾತ್ರೆ ಇದೆ, ನಮ್ಮ ಚಿಕ್ಕವನ ಕಾದಾಟ. ಬನ್ನಿ” ಎಂದು ಕರೆದರು. ಚಿಕ್ಕವನಿಗೆ ಹನ್ನೊಂದು ವರ್ಷ.

ಹೋದೆವು. ವಾಟ್‌ನ ಬಯಲಿನಲ್ಲಿ ತಿರುಗುವ ತೊಟ್ಟಿಲು, ಬೊಂಬಾಯಿ ಮಿಠಾಯಿ, ಸುಡುವ ಮೀನಿನ ಅಂಗಡಿಗಳು. ಟ್ಯೂಬ್‌ಲೈಟಿನ ಕೆಳಗೆ ರಿಂಗು. ಸಂಗೀತ ಲೌಡ್‌ಸ್ಪೀಕರಿನಿಂದ. ಹುಡುಗ ಎಷ್ಟು ಚೆಂದವಾಗಿ ರಾಮ್ ಮುಯ್ ಮಾಡಿದ! ಮೊಣಕಾಲೂರಿ ಬಾಗಿದಾಗ ಆ ಪುಟ್ಟ ಬೆನ್ನು ನೇರ, ಕೈಗಳು ರೆಕ್ಕೆಯಾಗಿ ಬಿಚ್ಚಿಕೊಂಡವು. ಕೈಯ ಗ್ಲೌಸ್ ಅವನ ಮುಖದಷ್ಟೇ ದೊಡ್ಡದು. ತಲೆಗೆ ಏನೂ ಇಲ್ಲ.

ಎರಡನೇ ಸುತ್ತಿನಲ್ಲಿ ಎದುರಿನ ಹುಡುಗನ ಕಾಲು ಇವನ ಕಿವಿಯ ಮೇಲೆ ಬಿತ್ತು. ಬಿದ್ದ. ಎದ್ದ. ಕಣ್ಣು ಒಂದು ಕ್ಷಣ ಯಾರನ್ನೂ ನೋಡುತ್ತಿರಲಿಲ್ಲ. ಆರನೇ ತರಗತಿಯ ಮಕ್ಕಳು ಆಟದ ಮೈದಾನದಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಆ ನೋಟ ಕಂಡಿದ್ದೇನೆ, ಅಂಥ ಮಗುವನ್ನು ನಾವು ಮಲಗಿಸಿ ಡಾಕ್ಟರಿಗೆ ಫೋನು ಮಾಡುತ್ತೇವೆ. ಇಲ್ಲಿ ಸುತ್ತಲಿನವರು ಬೆರಳೆತ್ತಿ ಬಾಜಿಯ ದರ ಬದಲಿಸಿದರು. ಮಗು ಕಾದಾಡಿತು, ಕೊನೆಗೆ ಗೆದ್ದಿತು. ಹೂಮಾಲೆಗೆ ನೋಟುಗಳನ್ನು ಸಿಕ್ಕಿಸಿದರು.

ತಾಯಿ ಅಲ್ಲೇ ಇದ್ದರು. ಇಸಾನಿನಿಂದ ಬಂದು ಇಲ್ಲಿ ಕಾರ್ಖಾನೆಯಲ್ಲಿ ದುಡಿಯುವವರು. ಮಗನ ಕಾಲಿಗೆ ಎಣ್ಣೆ ತಿಕ್ಕುತ್ತ, “ಶಾಲೆಯ ಖರ್ಚು ಇದರಿಂದಲೇ. ಬೀದಿ ಸುತ್ತಿ ಮಾತ್ರೆಗೀತ್ರೆಗೆ ಬೀಳದೆ ಗುರುಗಳ ಕೈಯಲ್ಲಿದ್ದಾನೆ” ಅಂದರು. ಅವರನ್ನು ದೂಷಿಸುವ ಅಧಿಕಾರ ನನಗಿಲ್ಲ. ತಲೆಗೆ ಕಾಪು ಯಾಕಿಲ್ಲ ಎಂದು ಗುರುಗಳನ್ನು ಕೇಳಿದೆ. “ತಲೆಗೆ ಕಟ್ಟಿದರೆ ಯಾರೂ ಬಾಜಿ ಕಟ್ಟುವುದಿಲ್ಲ, ಮೇಡಂ. ಬಾಜಿಯಿಲ್ಲದಿದ್ದರೆ ಜಾತ್ರೆಯವರು ನಮ್ಮನ್ನು ಕರೆಯುವುದಿಲ್ಲ.” ಸುಳ್ಳಾಡದೆ ಹೇಳಿದರು.

20 ಜನವರಿ, ಭಾನುವಾರ

ಕಳೆದ ನವೆಂಬರಿನಲ್ಲಿ ಇದೇ ಸೀಮೆಯಲ್ಲಿ, ಸಮುತ್ ಪ್ರಾಕಾನ್‌ನಲ್ಲಿ, ಹದಿಮೂರು ವರ್ಷದ ಹುಡುಗನೊಬ್ಬ ರಿಂಗಿನಲ್ಲಿ ತಲೆಗೆ ಏಟು ಬಿದ್ದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಎಂಟನೇ ವಯಸ್ಸಿನಿಂದ ಕಾದಾಡುತ್ತಿದ್ದನಂತೆ, ನೂರೈವತ್ತಕ್ಕೂ ಹೆಚ್ಚು ಪಂದ್ಯ. ಪತ್ರಿಕೆಗಳಲ್ಲಿ ಆ ಮಾತು ಇನ್ನೂ ನಿಂತಿಲ್ಲ. 1999ರ ಬಾಕ್ಸಿಂಗ್ ಕಾಯಿದೆಯ ಪ್ರಕಾರ ಹದಿನೈದು ತುಂಬದ ಮಕ್ಕಳೂ ಹೆತ್ತವರ ಒಪ್ಪಿಗೆಯಿದ್ದರೆ ಕಾದಾಡಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳ ಪಂದ್ಯ ನಿಲ್ಲಿಸುವ ತಿದ್ದುಪಡಿ ಶಾಸನಸಭೆಯ ಮುಂದಿದೆ. ರಾಮಾತಿಬೊದಿ ಆಸ್ಪತ್ರೆಯ ವೈದ್ಯರು ಕಾದಾಡುವ ಮಕ್ಕಳ ಮಿದುಳಿನ ಎಂಆರ್‌ಐ ಚಿತ್ರ ತೆಗೆದು, ಹಾನಿಯ ಗುರುತುಗಳನ್ನು ತೋರಿಸಿ, ಮಕ್ಕಳ ಪಂದ್ಯ ನಿಲ್ಲಿಸಿ ಎನ್ನುತ್ತಿದ್ದಾರೆ. ಗರಡಿಗಳವರು ಒಪ್ಪುತ್ತಿಲ್ಲ, ಎಳೆಯದರಲ್ಲೇ ಶುರುಮಾಡದಿದ್ದರೆ ಕಲೆಯೇ ಸಾಯುತ್ತದೆ ಎನ್ನುತ್ತಾರೆ.

ತಂಗಿಯ ಮಗನೂ ನಾನೂ ಊಟದ ಹೊತ್ತಿನಲ್ಲಿ ಇದನ್ನೇ ವಾದಿಸಿದೆವು. “ವೀಣೆ, ಭರತನಾಟ್ಯ ಎಲ್ಲಾ ಐದು ವರ್ಷಕ್ಕೇ ಶುರುಮಾಡಿಸ್ತೀರಲ್ಲ ದೊಡ್ಡಮ್ಮ” ಅಂದ. ಸರಿಯೇ. ಬುಧವಾರ ಕಂಡ ಆ ಸಮತೋಲ, ಆ ಕಾಲಿನ ಚಳಕ ಇಪ್ಪತ್ತಕ್ಕೆ ಶುರುಮಾಡಿದರೆ ಬರುವುದಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಅದೇ ಗರಡಿಯಲ್ಲಿ ನೋಡಿದ್ದೇನು? ಓಟ, ಹಗ್ಗದಾಟ, ಪ್ಯಾಡಿಗೆ ಒದೆ, ಉಸಿರಿನ ಪಾಠ, ಕತ್ತು ಹಿಡಿದು ಒಬ್ಬರನ್ನೊಬ್ಬರು ಅಲುಗಿಸುವ ಅಭ್ಯಾಸ, ನಮಸ್ಕಾರದ ನೃತ್ಯ. ವಿದ್ಯೆಯೆಲ್ಲ ಅದರಲ್ಲೇ ಇದೆ. ಎಳೆಯ ತಲೆಗೆ ಬೀಳುವ ಒದೆಯಿಂದ ಯಾವ ಮಗುವೂ ಏನನ್ನೂ ಕಲಿಯುವುದಿಲ್ಲ. ಆ ಒದೆ ಬೇಕಾಗಿರುವುದು ಬಾಜಿಗೆ, ಕಲೆಗಲ್ಲ. ಹಿಂದೊಮ್ಮೆ ಒಂದು ಸಾವಿನ ನಂತರ ಹಗ್ಗ ಬಿಟ್ಟು ಗ್ಲೌಸ್ ಹಾಕಿಕೊಂಡರು, ಆಗ ಮುಯ್ ಥಾಯ್ ಸಾಯಲಿಲ್ಲ. ಹನ್ನೆರಡು ಎಂದು ಮಸೂದೆ ಹೇಳುತ್ತದೆ. ನನ್ನ ಕೇಳಿದರೆ ಹದಿನೈದು ತುಂಬುವ ತನಕ ತಲೆಗೆ ಹೊಡೆಯುವಂತಿಲ್ಲ ಅನ್ನಬೇಕು. ಹಾಗೆ ನಿಲ್ಲಿಸುವಾಗ ಆ ತಾಯಿಯ ಕೈಗೆ ಶಾಲೆಯ ಖರ್ಚನ್ನು ಸರ್ಕಾರ ಕೊಡಬೇಕು, ಇಲ್ಲದಿದ್ದರೆ ಕಾನೂನು ಕಾಗದದ ಮೇಲಷ್ಟೇ ಇರುತ್ತದೆ.

ರಾಜದಮ್ನೆನ್‌ಗೆ ಮತ್ತೆ ಹೋಗುತ್ತೇನೆ, ಸಂದೇಹವೇ ಇಲ್ಲ. ಊರಿನಿಂದ ಇಲ್ಲಿಗೆ ಬರುವವರಿಗೆಲ್ಲ ಹೋಗಿ ನೋಡಿ ಎನ್ನುತ್ತೇನೆ. ರಿಂಗಿನ ಪಕ್ಕ ಬೇಡ, ಮೆಟ್ಟಿಲ ಮೇಲೆ ಕೂರಿ. ಮೊದಲ ನಮಸ್ಕಾರಕ್ಕೆ ಮುಂಚೆಯೇ ಒಳಗಿರಿ, ಮೊದಲೆರಡು ಸುತ್ತು ತಾಳ್ಮೆಯಿಂದ ನೋಡಿ. ಪಂದ್ಯದ ಪಟ್ಟಿಯಲ್ಲಿ ಆಡುವವರ ವಯಸ್ಸು ಕೇಳಿ. ಮಕ್ಕಳಿದ್ದರೆ ಆ ಟಿಕೆಟ್ಟನ್ನು ಕೊಳ್ಳಬೇಡಿ.